ಹೊತ್ತಿಕೊಳ್ಳುವ ಎರಡು ಪದಗಳು

ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡವರಿಗೆಲ್ಲ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂಬ ದಪ್ಪಕ್ಷರ ಚಿರಪರಿಚಿತ. ಬಣ್ಣದಂಗಡಿಯ ಥಿನ್ನರ್ ಡಬ್ಬಿಯ ಮೇಲೋ ಸ್ಯಾನಿಟೈಸರ್ ಬಾಟಲಿಯ ಮೇಲೋ ಕಣ್ಣಾಡಿಸಿದರೆ ‘ಫ್ಲ್ಯಾಮಬಲ್’ ಎಂದಿರುತ್ತದೆ. ಶಾಲೆಯಲ್ಲಿ ಕರೆಕ್ಟ್–ಇನ್‌ಕರೆಕ್ಟ್, ವಿಸಿಬಲ್–ಇನ್‌ವಿಸಿಬಲ್ ಎಂದು ವಿರುದ್ಧ ಪದಗಳನ್ನು ಉರುಹೊಡೆದ ನಮ್ಮ ಲೆಕ್ಕದಲ್ಲಿ, ಥಿನ್ನರಿಗೆ ಬೆಂಕಿ ಹತ್ತುತ್ತದೆ, ಪೆಟ್ರೋಲಿಗೆ ಹತ್ತುವುದಿಲ್ಲ! ನಿಜದಲ್ಲಿ ಎರಡು ಪದಗಳಿಗೂ ಒಂದೇ ಅರ್ಥ: ಬೇಗ ಹೊತ್ತಿಕೊಳ್ಳುವಂಥದ್ದು.

ಎಡವಟ್ಟಿನ ಮೂಲ ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಇನ್’ ಎಂಬ ಎರಡು ಉಪಸರ್ಗಗಳಿವೆ. ಒಂದು ‘ಅಲ್ಲ’ ಎನ್ನುತ್ತದೆ, ಇನ್ನೊಂದು ‘ಒಳಗೆ’ ಎನ್ನುತ್ತದೆ. ಇನ್‌ಫ್ಲ್ಯಾಮಬಲ್‌ನಲ್ಲಿರುವುದು ಎರಡನೆಯದು. ಬೆಂಕಿ ಹೊತ್ತಿಸು ಎಂಬರ್ಥದ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದದಿಂದ ಬಂದ ಪದ ಅದು. ಎರಡು ‘ಇನ್’ಗಳ ಕಾದಾಟದಲ್ಲಿ ಸಿಕ್ಕಿಬಿದ್ದ ಪದ ಇದೊಂದೇ ಅಲ್ಲ. ಇಂದಿನ ಇಂಗ್ಲಿಷಿನಲ್ಲಿ ‘ಇನ್‌ಹ್ಯಾಬಿಟಬಲ್’ ಎಂದರೆ ವಾಸಕ್ಕೆ ಯೋಗ್ಯ. ಅದೇ ಅಕ್ಷರಗಳ ಫ್ರೆಂಚ್ ಪದಕ್ಕೆ ವಾಸಕ್ಕೆ ಯೋಗ್ಯವಲ್ಲದ್ದು ಎಂಬ ಅರ್ಥ. ಷೇಕ್ಸ್‌ಪಿಯರ್ ಕೂಡ ಅದನ್ನು ಬಳಸಿದ್ದು ಈ ಎರಡನೆಯ ಅರ್ಥದಲ್ಲೇ.

ಇಬ್ಬರಲ್ಲಿ ಹಿರಿಯ ಇನ್‌ಫ್ಲ್ಯಾಮಬಲ್. ಹೆನ್ರಿ ಕ್ಯಾವೆಂಡಿಶ್ 1766ರಲ್ಲಿ ಹೈಡ್ರೋಜನ್ ಅನಿಲವನ್ನು ವಿವರಿಸಿದಾಗ ಅದಕ್ಕೆ ಆ ಹೆಸರು ಇನ್ನೂ ಬಂದಿರಲಿಲ್ಲ. ಅವನು ಕರೆದದ್ದು ‘ಇನ್‌ಫ್ಲ್ಯಾಮಬಲ್ ಏರ್’ ಎಂದು. ಫ್ಲ್ಯಾಮಬಲ್ 19ನೇ ಶತಮಾನದಲ್ಲಿ ಮುಖ ತೋರಿಸಿತಾದರೂ ಅದನ್ನು ಕೇಳುವವರಿರಲಿಲ್ಲ. ಅದಕ್ಕೆ ಕೆಲಸ ಕೊಟ್ಟವರು ಸಾಹಿತಿಗಳಲ್ಲ, ಬೆಂಕಿ ಆರಿಸುವವರು ಮತ್ತು ವಿಮೆ ಕಂಪನಿಯವರು. ‘ಇನ್’ ಕಂಡು ಜನ ಮೋಸಹೋದಾರು ಎಂಬ ಆತಂಕದಿಂದ, ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ಫ್ಲ್ಯಾಮಬಲ್ ಪರ ನಿಂತಿತು.

ಈ ಆತಂಕ ಅತಿಯಾಯಿತು ಅನ್ನಿಸಿದರೆ ಬೆಂಜಮಿನ್ ಲೀ ವೋರ್ಫ್‌ನ ಅನುಭವ ನೋಡಬೇಕು. ಭಾಷಾವಿಜ್ಞಾನದಲ್ಲಿ ದೊಡ್ಡ ಹೆಸರಾದ ಈತನ ಹೊಟ್ಟೆಪಾಡಿನ ಕೆಲಸ ಹಾರ್ಟ್‌ಫರ್ಡ್ ಫೈರ್ ಇನ್ಶೂರೆನ್ಸ್ ಕಂಪನಿಯಲ್ಲಿತ್ತು. ಕಾರ್ಖಾನೆಗಳಲ್ಲಿ ಬೆಂಕಿ ಏಕೆ ಬಿತ್ತು ಎಂಬ ವರದಿಗಳನ್ನು ಜಾಲಾಡುತ್ತಿದ್ದ ಅವನಿಗೆ, ವಸ್ತುವಿನ ಹೆಸರೇ ಜನರನ್ನು ಮೈಮರೆಸುವುದು ಕಾಣಿಸಿತು. ತುಂಬಿದ ಪೆಟ್ರೋಲ್ ಡ್ರಮ್ಮುಗಳ ಬಳಿ ಎಚ್ಚರವಾಗಿರುವವರು ‘ಖಾಲಿ’ ಡ್ರಮ್ಮುಗಳ ಬಳಿ ಸಿಗರೇಟು ಸೇದುತ್ತಿದ್ದರು. ಆದರೆ ಆವಿ ತುಂಬಿದ ಖಾಲಿ ಡ್ರಮ್ಮೇ ಹೆಚ್ಚು ಅಪಾಯದ್ದು. ಇನ್ನೊಂದು ಕಡೆ ಕಟ್ಟಿಗೆಯ ಭಟ್ಟಿ ಇಳಿಸುವ ಪಾತ್ರೆಗಳಿಗೆ ಸುಣ್ಣಕಲ್ಲಿನಿಂದ ಮಾಡಿದ ಹೊದಿಕೆ ಹಾಕಿದ್ದರು. ಹೆಸರಿನಲ್ಲಿ ಕಲ್ಲಿದೆಯಲ್ಲ, ಕಲ್ಲಿಗೆಲ್ಲಿ ಬೆಂಕಿ ಎಂದು ಯಾರೂ ಅದನ್ನು ಬೆಂಕಿಯಿಂದ ಕಾಪಾಡಲು ಹೋಗಲಿಲ್ಲ. ಆಮ್ಲದ ಹಬೆ ಕುಡಿದು ರಾಸಾಯನಿಕವಾಗಿ ಬದಲಾಗಿದ್ದ ಆ ಕಲ್ಲು ಧಗಧಗನೆ ಉರಿಯಿತು.

ಅಮೆರಿಕದಲ್ಲಿ ಬೆಂಕಿ ತಾಗಿದೊಡನೆ ಭುಗಿಲೇಳುವ ರೇಯಾನ್ ಸ್ವೆಟರುಗಳು ಜೀವ ತೆಗೆದ ಮೇಲೆ 1953ರಲ್ಲಿ ಬಂದ ಕಾಯಿದೆಯ ಹೆಸರು ‘ಫ್ಲ್ಯಾಮಬಲ್ ಫ್ಯಾಬ್ರಿಕ್ಸ್ ಆ್ಯಕ್ಟ್’. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಸಂಸತ್ತು ಮಾಡಿದ ಕಾಯಿದೆ ‘ಇನ್‌ಫ್ಲ್ಯಾಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್, 1952’. ನಾವು ಕಲಿತದ್ದು ಬ್ರಿಟನ್ನಿನ ಇಂಗ್ಲಿಷ್. ಆಗ ಅಲ್ಲೂ ಹಿರಿಯ ಪದದ್ದೇ ಪಾರುಪತ್ಯ. ಗೊಂದಲ ಬೇಡವೆಂದು ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಫ್ಲ್ಯಾಮಬಲ್ ಕಡೆ ವಾಲಿದ್ದು 1959ರಲ್ಲಿ.

ಪಂಡಿತರಿಗೆ ಮಾತ್ರ ಇದು ಒಗ್ಗಲಿಲ್ಲ. ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಹೆಸರಾಂತ ಕೈಪಿಡಿಯಲ್ಲಿ ಇ. ಬಿ. ವೈಟ್, ಫ್ಲ್ಯಾಮಬಲ್ ಒಂದು ವಿಚಿತ್ರ ಪದವೆಂದೂ, ಮಕ್ಕಳು ಮತ್ತು ಓದುಬರಹ ಬಾರದವರ ಸುರಕ್ಷತೆ ನೋಡಬೇಕಾದ ಲಾರಿಯವರನ್ನು ಬಿಟ್ಟು ಉಳಿದವರು ಇನ್‌ಫ್ಲ್ಯಾಮಬಲ್ ಎಂದೇ ಬರೆಯಬೇಕೆಂದೂ ಬುದ್ಧಿ ಹೇಳುತ್ತಾನೆ.

ನನ್ನ ತಕರಾರು ಇಲ್ಲಿಯೇ. ಓದುಬರಹ ಬಾರದವನು ಈ ಪದದಿಂದ ಮೋಸಹೋಗುವುದಾದರೂ ಹೇಗೆ? ಅವನಿಗೆ ‘ಇನ್’ ಇದ್ದರೇನು, ಬಿಟ್ಟರೇನು? ಟ್ಯಾಂಕರ್ ಚಾಲಕನಿಗೆ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂಬುದು ಒಂದು ಚಿತ್ರವಿದ್ದಂತೆ. ಅದನ್ನವನು ಬಿಡಿಸಿ ಓದುವುದಿಲ್ಲ, ಕಂಡೊಡನೆ ಬೀಡಿ ಆರಿಸುತ್ತಾನೆ. ಲ್ಯಾಟಿನ್ ಬಲ್ಲವನಿಗೂ ತೊಂದರೆಯಿಲ್ಲ. ಮುಗ್ಗರಿಸುವವರು ಇವರಿಬ್ಬರ ನಡುವಿನವರು: ‘ಇನ್’ ಬಂದರೆ ವಿರುದ್ಧ ಪದ ಎಂಬ ನಿಯಮವನ್ನು ಶ್ರದ್ಧೆಯಿಂದ ಕಲಿತು, ಪದವನ್ನು ಒಡೆದು ಅರ್ಥ ಮಾಡಿಕೊಳ್ಳುವಷ್ಟು ವ್ಯಾಕರಣ ತಿಳಿದವರು. ಇಂಗ್ಲಿಷನ್ನು ಮನೆಯಲ್ಲಿ ಕೇಳಿ ಕಲಿಯದೆ ಪುಸ್ತಕದಿಂದ ಕಲಿತ ನಮ್ಮಂಥ ಕೋಟ್ಯಂತರ ಜನ ಈ ನಡುವಿನವರೇ. ವೈಟ್ ಬರೆದದ್ದು ಇಂಗ್ಲಿಷನ್ನು ಹುಟ್ಟಿನಿಂದ ಕೇಳಿಸಿಕೊಂಡವರಿಗೆ. ಅವನ ಕಣ್ಣಿಗೆ ನಾವು ಬೀಳಲೇ ಇಲ್ಲ.

ಪೆಟ್ರೋಲಂತೂ ಯಾರ ವ್ಯಾಕರಣಕ್ಕೂ ಕಾಯುವುದಿಲ್ಲ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹಾಗಾಗಿಯೇ ಟ್ಯಾಂಕರುಗಳು ಈಗ ಪದವೊಂದನ್ನೇ ನೆಚ್ಚಿಕೊಂಡಿಲ್ಲ. ಕೆಂಪು ವಜ್ರಾಕೃತಿಯೊಳಗೆ ಜ್ವಾಲೆಯ ಚಿತ್ರ, ಪೆಟ್ರೋಲಿಗೆ ವಿಶ್ವಸಂಸ್ಥೆ ಪಟ್ಟಿ ಕೊಟ್ಟ 1203 ಎಂಬ ಸಂಖ್ಯೆ ಜೊತೆಗಿರುತ್ತವೆ. ಅಪಘಾತವಾದಾಗ ಅಗ್ನಿಶಾಮಕ ದಳದವರು ಹುಡುಕುವುದು ಆ ಸಂಖ್ಯೆಯನ್ನು.

ಹಾಗೆಂದು ಹಿರಿಯ ಪದ ಮೂಲೆಗುಂಪಾಗಿಲ್ಲ. ಡಬ್ಬಿ, ಬಟ್ಟೆ, ಅನಿಲಗಳನ್ನು ಕಿರಿಯನಿಗೆ ಬಿಟ್ಟುಕೊಟ್ಟು ಅದು ಮನುಷ್ಯರ ಕಡೆ ಹೊರಳಿದೆ. ಮುಂಗೋಪಿಯ ಸ್ವಭಾವ, ಗಲಭೆಗೆ ಸಿದ್ಧವಾಗಿ ನಿಂತ ಊರು, ಒಂದು ಭಾಷಣಕ್ಕೆ ಕೆರಳುವ ಜನ – ಇವಕ್ಕೆಲ್ಲ ಇಂಗ್ಲಿಷ್ ಬರಹಗಾರ ಇನ್‌ಫ್ಲ್ಯಾಮಬಲ್ ಎಂದೇ ಬರೆಯುತ್ತಾನೆ. ಫ್ಲ್ಯಾಮಬಲ್ ಎಂದರೆ ಆ ಜನರ ಮೈಗೇ ಬೆಂಕಿ ಹತ್ತಿದಂತೆ ಕೇಳೀತು. ಒಂದೇ ಅರ್ಥದಲ್ಲಿ ಶುರುವಾದ ಎರಡು ಪದಗಳು ಕೆಲಸ ಹಂಚಿಕೊಂಡು ಬೇರೆಯಾಗುತ್ತಿವೆ. ನಿಘಂಟಿನವರು ಇನ್ನೂ ಎರಡನ್ನೂ ಸಮಾನಾರ್ಥಕ ಎನ್ನುತ್ತಾರೆ. ಬರೆಯುವವರಿಗೆ ನನ್ನ ಸಲಹೆ ಇಷ್ಟೇ: ಕೋಪದ ಬಗ್ಗೆಯಾದರೆ ‘ಇನ್’ ಉಳಿಸಿ, ಡಬ್ಬಿಯ ಮೇಲಾದರೆ ‘ಇನ್’ ಅಳಿಸಿ.