ಹೈದರಾಬಾದಿನ ವೀಸಾ ದಾರಿಗಳು

ಹೈದರಾಬಾದಿನಿಂದ ಅಮೆರಿಕಕ್ಕೆ ಹೊರಟವರು ವೀಸಾ ಸಂದರ್ಶನಕ್ಕಾಗಿ ಬಹುಕಾಲ ಚೆನ್ನೈಗೆ ಹೋಗಬೇಕಾಗಿತ್ತು. 2008ರಲ್ಲಿ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ, ಅಂದರೆ ನಿಜಾಮರೊಂದಿಗೆ ಮದುವೆಯ ಸಂಬಂಧ ಬೆಳೆಸಿದ್ದ ಶ್ರೀಮಂತ ಮನೆತನದ ಸೌಧದಲ್ಲಿ, ಅಮೆರಿಕದ ಕಾನ್ಸುಲೇಟ್ ತೆರೆದು, ಮರುವರ್ಷ ಸಂದರ್ಶನಗಳು ಆರಂಭವಾದ ಮೇಲೆ ಆ ಅಲೆದಾಟ ತಪ್ಪಿತು. 2023ರಲ್ಲಿ ಕಚೇರಿ ನಾನಕ್‌ರಾಮ್‌ಗುಡದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗುವವರ ದಾರಿ ಬೇರೆಯದು. 1983ರ ವಲಸೆ ಕಾಯ್ದೆಯಂತೆ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’, ಅಂದರೆ ವಲಸೆ ತಪಾಸಣೆ ಅಗತ್ಯ ಎಂಬ ಗುರುತು ಬೀಳುತ್ತದೆ. ಅಂಥವರು ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೊರಡುವ ಮುನ್ನ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’, ಅಂದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ರಕ್ಷಣೆಗೆಂದು ಹುಟ್ಟಿದ ಈ ನಿಯಮವೇ ಓದು ಕಡಿಮೆಯಿದ್ದವರನ್ನು ದಲ್ಲಾಳಿಗಳ ಬಾಗಿಲಿಗೆ ತಳ್ಳಿದ್ದೂ ಉಂಟು.

ಕಾಗದಪತ್ರ ಸರಿಯಿದ್ದರೂ ವೀಸಾ ಕೊಡುವ ಅಧಿಕಾರಿಯ ಮನಸ್ಸು ತಿಳಿಯದು. ಆದ್ದರಿಂದಲೇ ಉಸ್ಮಾನ್ ಸಾಗರದ ಬಳಿಯ ಚಿಲ್ಕೂರಿನ ದೇವರು ‘ವೀಸಾ ಬಾಲಾಜಿ’ ಎನಿಸಿಕೊಂಡದ್ದು. ಹರಕೆಗೆ 11 ಪ್ರದಕ್ಷಿಣೆ, ಈಡೇರಿದರೆ 108; ಲೆಕ್ಕ ತಪ್ಪದಂತೆ ಭಕ್ತರು ಅಂಕಿಗಳಿರುವ ಚೀಟಿ ಹಿಡಿದು, ಪ್ರತಿ ಸುತ್ತಿಗೂ ಒಂದೊಂದು ಮನೆಗೆ ಪೆನ್ನಿನಿಂದ ಗುರುತು ಹಾಕುತ್ತಾ ಗುಡಿ ಸುತ್ತುತ್ತಾರೆ. ಹುಂಡಿಯಂತೂ ಅಲ್ಲಿ ಇಲ್ಲವೇ ಇಲ್ಲ.