ಶೂಟರ್ ಆಟಗಳಲ್ಲಿ ಓಟದ ವೇಗ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾ ವಿಮಾನ ಪ್ರದರ್ಶನವನ್ನು ಮೊಬೈಲಿನಲ್ಲಿ ಸೆರೆಹಿಡಿಯಲು ಹೋದವರಿಗೆ ಈ ಪೇಚಾಟ ಗೊತ್ತು. ದೂರದ ತೇಜಸ್ ಸಲೀಸಾಗಿ ಚೌಕಟ್ಟಿನೊಳಗೆ ಉಳಿಯುತ್ತದೆ. ಅದೇ ವಿಮಾನ ಹತ್ತಿರದಲ್ಲಿ ಅಡ್ಡ ಹಾಯ್ದರೆ ವಿಡಿಯೊದಲ್ಲಿ ಬರೀ ಆಕಾಶ. ಆರ್.ಟಿ. ನಗರದ ಗೇಮಿಂಗ್ ಕೆಫೆಯಲ್ಲಿ ಕೂತ ಹುಡುಗ ಮೌಸ್ ಹಿಡಿದು ಒದ್ದಾಡುವುದೂ ಇದೇ ಪೇಚಾಟದಲ್ಲಿ.

ಕೋನದ ಲೆಕ್ಕ

ವ್ಯಾಲರಂಟ್ (2020) ಆಟದಲ್ಲಿ ರೈಫಲ್ ಹಿಡಿದವನ ಓಟ ಸೆಕೆಂಡಿಗೆ 5.4 ಮೀಟರ್, ಚಾಕು ಹಿಡಿದರೆ 6.75. ರೈಫಲಿನವನು 30 ಮೀಟರ್ ದೂರದಲ್ಲಿ ಅಡ್ಡ ಓಡಿದರೆ ನಮ್ಮ ಗುರಿ ಸೆಕೆಂಡಿಗೆ ಸುಮಾರು 10 ಡಿಗ್ರಿ ತಿರುಗಿದರೆ ಸಾಕು. 10 ಮೀಟರಿನಲ್ಲಿ 31 ಡಿಗ್ರಿ ಬೇಕು. ನೇರ ಎದುರಿಗೇ ನುಗ್ಗಿ ಬಂದವನನ್ನು ಹೊಡೆಯಲು ಮೌಸ್ ಅಲುಗಿಸುವ ಕೆಲಸವೇ ಇಲ್ಲ. ಹೊಸಬರು ಸಾಯುವುದು ಹೆಚ್ಚಾಗಿ ಹೀಗೆ ನೇರ ನುಗ್ಗಿಯೇ.

ಓಡುವ ಆಟ

ಕ್ವೇಕ್ 3 (1999) ಆಟದಲ್ಲಿ, ಆಟದ್ದೇ ಅಳತೆಯಲ್ಲಿ, ಓಟ ಸೆಕೆಂಡಿಗೆ 320 ಯೂನಿಟ್, ರಾಕೆಟ್ 900. ರಾಕೆಟ್ 900 ಯೂನಿಟ್ ಕ್ರಮಿಸುವಷ್ಟರಲ್ಲಿ ಎದುರಾಳಿ 320 ಯೂನಿಟ್ ಸರಿದಿರುತ್ತಾನೆ. ಹಾಗಾಗಿ ಅವನು ಎಲ್ಲಿಗೆ ಬರುತ್ತಾನೋ ಅಲ್ಲಿಗೆ ಹೊಡೆಯಬೇಕು. ಇದರ ಮೇಲೆ ಸ್ಟ್ರೇಫ್ ಜಂಪ್ ಎಂಬ ಓರೆ ಹಾರಾಟ ಬೇರೆ. ಒತ್ತಿದ ಕೀಲಿಯ ದಿಕ್ಕಿನಲ್ಲಿ ಎಷ್ಟು ವೇಗವಿದೆ ಎಂಬುದನ್ನಷ್ಟೇ ಆಟದ ಕೋಡ್ ಅಳೆಯುತ್ತದೆ. ಹಾರುತ್ತ ಹಾರುತ್ತ ಓರೆಯಾಗಿ ತಿರುಗಿದರೆ 320ರ ಮಿತಿ ದಾಟಿ ವೇಗ ಏರುತ್ತಲೇ ಹೋಗುತ್ತದೆ. ಕೋಡಿನ ಈ ಸಂದಿಯೇ ಬಲ್ಲವರ ವಿದ್ಯೆಯಾಯಿತು.

ನಿಲ್ಲುವ ಆಟ

ಸೈಬರ್ ಕೆಫೆಗಳ ಕಾಲದ ಕೌಂಟರ್-ಸ್ಟ್ರೈಕ್ 1.6ರ ಗುಣ ಬೇರೆ. ಚಾಕು ಹಿಡಿದರೆ ಸೆಕೆಂಡಿಗೆ 250 ಯೂನಿಟ್, ಎಕೆ-47 ಹಿಡಿದರೆ 221. ಬಂದೂಕಿನ ಭಾರಕ್ಕೆ ಓಟವೇ ಬೆಲೆ. ಓಡುತ್ತ ಹೊಡೆದ ಗುಂಡು ಚದುರುತ್ತದೆ. ಅದಕ್ಕೇ ಪಳಗಿದವರು ಬಲಕ್ಕೆ ಓಡುತ್ತಿರುವಾಗಲೇ ಎಡದ ಕೀಲಿ ಮುಟ್ಟಿ, ಗಕ್ಕನೆ ನಿಂತು, ಆ ಚಣದಲ್ಲೇ ಗುಂಡು ಬಿಡುತ್ತಾರೆ. ಎಕೆಯ ಒಂದೇ ಹೆಡ್‌ಶಾಟ್ ಸಾಕಾದ್ದರಿಂದ ತಪ್ಪು ತಿದ್ದಿಕೊಳ್ಳಲು ಸಮಯವಿಲ್ಲ. ಎಲ್ಲರೂ ಹೊಗಳುವುದು ಮೌಸಿನ ಕೈಯನ್ನು; ಆಟಗಾರನ ಮಟ್ಟ ತಿಳಿಯಬೇಕಾದರೆ ನಾನು ಕೀಲಿ ಒತ್ತುವ ಎಡಗೈ ನೋಡುತ್ತೇನೆ.

ಹೆಬ್ಬೆರಳಿನ ಇಕ್ಕಟ್ಟು

ಪಬ್ಜಿ ಮೊಬೈಲ್ ಮೇಲೆ ಭಾರತದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷೇಧ ಬಿತ್ತು. 2021ರ ಜುಲೈನಲ್ಲಿ ಅದರ ಜಾಗಕ್ಕೆ ಬಿಜಿಎಂಐ ಬಂತು. ಇಲ್ಲಿ ಎಡ ಹೆಬ್ಬೆರಳು ಓಡಿಸುತ್ತದೆ, ಬಲದ್ದು ಗುರಿ ತಿರುಗಿಸುತ್ತದೆ. ಫೈರ್ ಬಟನ್ನಿಗೂ ಅದೇ ಬೆರಳು ಹೋದರೆ ಗುರಿಗೆ ದಿಕ್ಕಿಲ್ಲ. ಅದಕ್ಕೇ ತೋರುಬೆರಳನ್ನೂ ಸೇರಿಸಿಕೊಳ್ಳುವ ಕ್ಲಾ ಹಿಡಿತ. ಫೋನ್ ವಾಲಿಸಿ ಗುರಿ ತಿದ್ದಲು ಗೈರೊ. ಬಿಎಂಟಿಸಿ ಬಸ್ಸಿನಲ್ಲಿ ಮಾತ್ರ ಗೈರೊ ಬೇಡ: ಹೆಬ್ಬಾಳ ಮೇಲ್ಸೇತುವೆಯ ತಿರುವಿನಲ್ಲಿ ಬಸ್ಸಿನ ಜೊತೆ ಗುರಿಯೂ ತಿರುಗೀತು.

ಪಿಂಗ್

ಮೂಲೆಯಿಂದ ಓಡಿ ಹೊರಬರುವವನ ಕಣ್ಣಿಗೆ, ಕಾಯುತ್ತ ಕೂತವನು ಮೊದಲು ಬೀಳುತ್ತಾನೆ. ಕೂತವನಿಗೆ ಆ ಸುದ್ದಿ ಸರ್ವರ್ ಸುತ್ತಿ ಬರಬೇಕು; ಸರ್ವರಿಗೆ ಹೋಗಿ ಬರುವ ಸಮಯವೇ ಪಿಂಗ್. ಒಟ್ಟು 50 ಮಿಲಿಸೆಕೆಂಡ್ ತಡವಾದರೂ ಸೆಕೆಂಡಿಗೆ 5.4 ಮೀಟರ್ ವೇಗಕ್ಕೆ 27 ಸೆಂಟಿಮೀಟರ್ ಆಯಿತು, ಒಂದು ತಲೆಯ ಅಗಲಕ್ಕಿಂತ ಹೆಚ್ಚು. ಓಡಿ ಬಂದವನ ತಲೆ ಪೂರ್ತಿ ಹೊರಬಂದಿದ್ದರೂ ಕೂತವನ ಪರದೆಯಲ್ಲಿ ಇನ್ನೂ ಗೋಡೆಯೇ ಇರುತ್ತದೆ.