ಯಾದಗಿರಿ ಸೀಮೆಯ ಶಾಲಾ ಮಕ್ಕಳು ಮತ್ತು ದಾನದ ನೆರವು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಬಡ ಮಕ್ಕಳ ಓದಿಗೆ ಊರವರು, ಮಠಗಳು, ಶಿಕ್ಷಣ ಸಂಘಗಳು ಮತ್ತು ದತ್ತಿ ಸಂಸ್ಥೆಗಳು ಸರ್ಕಾರದ ಜೊತೆಗೂಡಿ ನೀಡುತ್ತ ಬಂದಿರುವ ನೆರವು ಈ ಲೇಖನದ ವಿಷಯ. ಜಾಗ, ಕಟ್ಟಡ, ಬಹುಮಾನ, ಶಿಕ್ಷಕರ ತರಬೇತಿ, ಗ್ರಂಥಾಲಯ, ಮೊಟ್ಟೆ, ವಿದ್ಯಾರ್ಥಿವೇತನ ಹೀಗೆ ಈ ನೆರವು ಹಲವು ರೂಪಗಳಲ್ಲಿ ಬಂದಿದೆ. ಇಲ್ಲಿನ ಬಹುಪಾಲು ಹಳ್ಳಿ ಮಕ್ಕಳಿಗೆ ಕೈಗೆಟಕುವುದು ಸರ್ಕಾರಿ ಶಾಲೆಯೇ. ಹಾಗಾಗಿ ದಾನದ ಹಣ ಸರ್ಕಾರಿ ಶಾಲೆಯ ಒಳಗೇ ಬಂದು ವರ್ಷಾನುಗಟ್ಟಲೆ ನಿಂತಾಗ ಅದರ ಪ್ರಯೋಜನ ತಾಂಡಾ, ದೊಡ್ಡಿಗಳ ಮಕ್ಕಳವರೆಗೂ ತಲುಪಿದೆ.

ಹಿನ್ನೆಲೆ

ಕಲಬುರಗಿ ಜಿಲ್ಲೆಯನ್ನು ವಿಭಜಿಸಿ 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ಆಗ ಅದರಲ್ಲಿದ್ದುದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳು. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಆಮೇಲೆ ಸೇರಿದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಪ್ರತಿ ಹತ್ತು ಜನರಲ್ಲಿ ಎಂಟು ಮಂದಿ ಹಳ್ಳಿಗಳಲ್ಲಿದ್ದರು. ಸಾಕ್ಷರತೆ ಶೇ 51.83ರಷ್ಟಿದ್ದು, ರಾಜ್ಯದಲ್ಲೇ ಕಡಿಮೆ. ರಾಜ್ಯದ ಸರಾಸರಿ ಆಗ ಶೇ 75.36. ಹೆಣ್ಣುಮಕ್ಕಳ ಲೆಕ್ಕ ಬೇರೆ ತೆಗೆದರೆ ಚಿತ್ರ ಇನ್ನೂ ಕಠೋರ: ಓದು ಬರಹ ಬಲ್ಲ ಮಹಿಳೆಯರು ಶೇ 41ರಷ್ಟು ಮಾತ್ರ.

ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಎರಡೇ: ರಾಯಚೂರು ಮತ್ತು ಯಾದಗಿರಿ.

ಶಾಲೆ ಬಿಡುವುದಕ್ಕೆ ಇಲ್ಲಿ ದೊಡ್ಡ ಕಾರಣ ದುಡಿಮೆ. ತೊಗರಿ, ಹತ್ತಿ ಮಳೆಯನ್ನೇ ನಂಬಿದ ಬೆಳೆಗಳು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಒಂದಿಷ್ಟು ಹೊಲಗಳಿಗೆ ಹರಿದಿದೆ. ಉಳಿದ ಊರುಗಳ ಜನ ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಕಟ್ಟಡ ಕೆಲಸದ ಜಾಗದಲ್ಲಿ ತಾಯಿ ಇಟ್ಟಿಗೆ ಹೊರುವಾಗ ಕೂಸನ್ನು ನೋಡಿಕೊಳ್ಳುವವಳು ಮೂರನೆಯ ಇಲ್ಲವೇ ನಾಲ್ಕನೆಯ ತರಗತಿಯ ಅಕ್ಕ. ಊರಲ್ಲೇ ಉಳಿದ ಮನೆಗಳಲ್ಲೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಹಾಜರಿ ಪುಸ್ತಕದ ತುಂಬ ಗೈರುಹಾಜರಿಯ ಗುರುತು ಬೀಳುತ್ತದೆ. ಶಾಲೆಗೆ ಶುಲ್ಕವಿಲ್ಲ, ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ ಎಂದಾದ ಮೇಲೂ ಮಗುವಿನ ದಿನದ ಕೂಲಿಯ ಪ್ರಶ್ನೆ ಉಳಿದೇ ಇರುತ್ತದೆ. ಇಲ್ಲಿನ ಯಾವ ನೆರವನ್ನು ಅಳೆಯುವಾಗಲೂ ಈ ಮಾತನ್ನು ಮರೆಯುವಂತಿಲ್ಲ.

ನಿಜಾಮರ ಕಾಲದಿಂದ ಸಂಘ ಸಂಸ್ಥೆಗಳವರೆಗೆ

1948ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ಭಾಷೆ ಉರ್ದು, ಉನ್ನತ ಶಿಕ್ಷಣದ ಮಾಧ್ಯಮವೂ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡದಲ್ಲಿ ಕಲಿಸುವ ಶಾಲೆ ಬೇಕೆಂದರೆ ಜನರೇ ಕೈಯಿಂದ ಹಣ ಹಾಕಿ ಕಟ್ಟಬೇಕಿತ್ತು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ದಾಸೋಹದ ಪರಂಪರೆಯನ್ನು ವಿದ್ಯಾದಾನಕ್ಕೂ ವಿಸ್ತರಿಸಿದ ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನ ಇವೆಲ್ಲ ಆ ಹೊತ್ತಿನ ದೊಡ್ಡ ಹೆಸರುಗಳು. ಸ್ವಾತಂತ್ರ್ಯಾನಂತರ, 1958ರಲ್ಲಿ, ಮಹಾದೇವಪ್ಪ ರಾಂಪುರೆ ಅವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಈ ಸಂಸ್ಥೆಗಳಿಂದ ಓದಿ ಹೊರಬಂದವರು ಆ ಭಾಗದ ಮೊದಲ ತಲೆಮಾರಿನ ಶಿಕ್ಷಕರು, ವಕೀಲರು, ವೈದ್ಯರು, ಎಂಜಿನಿಯರುಗಳಾದರು. ಆದರೆ ಇವು ಹೆಚ್ಚಾಗಿ ಪಟ್ಟಣದ ಸಂಸ್ಥೆಗಳು. ಹಳ್ಳಿಯ ಕೂಲಿಕಾರರ ಮಕ್ಕಳಿಗೆ ಅಷ್ಟು ದೂರ ಹೋಗಿ ಓದುವ ಅನುಕೂಲ ಇರಲಿಲ್ಲ.

ಹಳ್ಳಿಯಲ್ಲಿ ದಾನ ಬೇರೊಂದು ರೂಪ ತಳೆದಿತ್ತು. ಶಾಲೆಗೆ ಜಾಗ ಬೇಕೆಂದಾಗ ಹೊಲದ ಅಂಚನ್ನು ಬಿಟ್ಟುಕೊಟ್ಟವರು, ಗುಡಿಯ ಪೌಳಿಯನ್ನೇ ತರಗತಿ ಮಾಡಿಕೊಟ್ಟವರು ಅನೇಕ ಊರುಗಳಲ್ಲಿದ್ದರು. ಈ ಬಗೆಯ ದಾನಕ್ಕೆ ಕಲ್ಯಾಣ ಕರ್ನಾಟಕದಲ್ಲಿ ಎಲ್ಲರಿಗೂ ತಿಳಿದ ಹೆಸರು ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರದು. ತಮಗಿದ್ದ ಎರಡು ಎಕರೆ ಜಮೀನನ್ನು ಊರಿನ ಶಾಲೆಗೆ ಕೊಟ್ಟ ಈ ತಾಯಿ, ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತ ಬದುಕು ಸಾಗಿಸಿದರು. 2023ರಲ್ಲಿ ರಾಜ್ಯ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ನೀಡಿ ಗೌರವಿಸಿತು. ತಮ್ಮ ಪಾಲಿನ ನೆಲವನ್ನೇ ಬಿಟ್ಟುಕೊಟ್ಟು, ಅದರ ಮೇಲೆ ಎದ್ದ ಶಾಲೆಯ ಒಲೆಯ ಮುಂದೆ ನಿಂತ ಇಂಥವರ ದಾನಕ್ಕೆ ಬೆಲೆ ಕಟ್ಟುವುದು ಕಷ್ಟ.

ಸುರಪುರದ ಪ್ರಯೋಗ

ಈ ಸೀಮೆಯ ಶಿಕ್ಷಣ ನೆರವಿನ ಚರಿತ್ರೆಯಲ್ಲಿ ಸುರಪುರ ತಾಲ್ಲೂಕಿಗೆ ವಿಶೇಷ ಸ್ಥಾನವಿದೆ. ವಿಪ್ರೊ ಸಂಸ್ಥೆಯ ಅಜೀಂ ಪ್ರೇಮ್‌ಜಿ ಅವರು ಸ್ಥಾಪಿಸಿದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2002ರ ಹೊತ್ತಿಗೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ‘ಕಲಿಕಾ ಖಾತರಿ’ ಕಾರ್ಯಕ್ರಮ ಆರಂಭಿಸಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು ಮಕ್ಕಳ ಹಾಜರಿ, ಕಲಿಕೆಯ ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳಬೇಕು; ನಿಗದಿತ ಮಟ್ಟ ಮುಟ್ಟಿದ ಶಾಲೆಗೆ ನಗದು ಬಹುಮಾನ. ಬಹುಮಾನ ಹುರುಪು ತಂದಿತು. ಆದರೆ ಹಿಂದುಳಿದ ಶಾಲೆ ಏಕೆ ಹಿಂದುಳಿದಿದೆ ಎಂಬ ಪ್ರಶ್ನೆಗೆ ಪರೀಕ್ಷೆಯಾಗಲಿ ಬಹುಮಾನವಾಗಲಿ ಉತ್ತರ ಕೊಡುವಂತಿರಲಿಲ್ಲ.

ಮುಂದಿನ ಹೆಜ್ಜೆಯೇ ಮಕ್ಕಳ ಸ್ನೇಹಿ ಶಾಲಾ ಉಪಕ್ರಮ. ಆ ದಶಕದ ಮಧ್ಯಭಾಗದಲ್ಲಿ ರಾಜ್ಯ ಸರ್ಕಾರ, ಯುನಿಸೆಫ್ ಮತ್ತು ಪ್ರತಿಷ್ಠಾನ ಸೇರಿ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಇದನ್ನು ಕೈಗೊಂಡವು. ಆರಿಸಿ ತೆಗೆದ ನಾಲ್ಕಾರು ಶಾಲೆಗಳನ್ನು ಮಾದರಿ ಮಾಡಿ ತೋರಿಸುವ ದಾರಿ ಬಿಟ್ಟು, ಇಡೀ ತಾಲ್ಲೂಕನ್ನೇ ಒಟ್ಟಿಗೆ ಕೈಗೆತ್ತಿಕೊಂಡದ್ದು ಇದರ ವೈಶಿಷ್ಟ್ಯ. ಶಾಲೆಯ ಅಂಗಳ, ತರಗತಿಯ ವಾತಾವರಣ, ಶಿಕ್ಷಕರ ತಯಾರಿ, ಊರಿನ ಭಾಗವಹಿಸುವಿಕೆ ಎಲ್ಲದರ ಮೇಲೂ ಕೆಲಸ ನಡೆಯಿತು. ಶಿಕ್ಷಕರು ಸಂಜೆ ಹೊತ್ತು, ರಜಾದಿನ ಬಂದು ಕೂರಲು ಕಲಿಕಾ ಕೇಂದ್ರಗಳು ತೆರೆದವು. ಅಲ್ಲಿ ಪುಸ್ತಕಗಳಿದ್ದವು, ಪ್ರಯೋಗದ ಸಾಮಗ್ರಿಗಳಿದ್ದವು, ಎಲ್ಲಕ್ಕಿಂತ ಮಿಗಿಲಾಗಿ ಅದೇ ಪಾಠವನ್ನು ಬೇರೊಂದು ಊರಿನಲ್ಲಿ ಕಲಿಸಿ ಸೋತವರೂ ಗೆದ್ದವರೂ ಇದ್ದರು. ಸರ್ಕಾರಿ ಆದೇಶದ ಒತ್ತಾಯವಿಲ್ಲದೆ, ತಮ್ಮ ಇಷ್ಟದಿಂದ ಸೇರುವ ಶಿಕ್ಷಕರ ವೇದಿಕೆಗಳು ಹೀಗೆ ಬೆಳೆದವು.

ಇಲ್ಲಿ ರೂಢಿಗೆ ಬಂದ ಮೆಟ್ರಿಕ್ ಮೇಳವನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಬಗೆ ತಿಳಿಯುತ್ತದೆ. ಅಂಗಳದಲ್ಲಿ ಮಕ್ಕಳೇ ಅಂಗಡಿ ಹಾಕುತ್ತಾರೆ. ಒಬ್ಬಳ ಮುಂದೆ ಈರುಳ್ಳಿ, ತಕ್ಕಡಿ, ತೂಕದ ಕಲ್ಲುಗಳು. ಇನ್ನೊಬ್ಬನ ಮುಂದೆ ನೀರಿನ ಬಕೆಟ್ಟು, ಲೀಟರು, ಅರ್ಧ ಲೀಟರಿನ ಅಳತೆ. ಮತ್ತೊಂದು ಕಡೆ ಟೇಪು ಹಿಡಿದು ಬಂದವರ ಎತ್ತರ ಅಳೆಯುವ ಜೋಡಿ. ಮುಕ್ಕಾಲು ಕೆ.ಜಿ. ಕೇಳಿದ ಗಿರಾಕಿಗೆ ಐನೂರರ ಕಲ್ಲಿನ ಜೊತೆ ಇನ್ನೂರೈವತ್ತರ ಕಲ್ಲು ಇಡಬೇಕೆಂಬುದು ಕೈಗೆ ಗೊತ್ತಾಗುತ್ತದೆ, ಚಿಲ್ಲರೆ ಎಣಿಸುವಾಗ ವ್ಯವಕಲನ ಬಾಯಿಗೆ ಬರುತ್ತದೆ. ನೋಡಲು ಬಂದ ತಂದೆತಾಯಂದಿರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಗಳು ಲೆಕ್ಕ ತಪ್ಪದೆ ವ್ಯಾಪಾರ ಮಾಡುವುದನ್ನು ಅವರು ಕಣ್ಣಾರೆ ಕಾಣುತ್ತಾರೆ.

ಪ್ರತಿಷ್ಠಾನದಲ್ಲಿ ದುಡಿದ ಎಸ್. ಗಿರಿಧರ್ ಅವರು 2019ರಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಬಗ್ಗೆ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಈ ಭಾಗದ ಶಿಕ್ಷಕರ ಕೆಲಸವೂ ದಾಖಲಾಗಿದೆ. ಯಾದಗಿರಿಯಲ್ಲಿ ಪ್ರತಿಷ್ಠಾನದ ಜಿಲ್ಲಾ ಸಂಸ್ಥೆ ಹಾಗೂ ಉಚಿತ ಶಿಕ್ಷಣ ನೀಡುವ ಅಜೀಂ ಪ್ರೇಮ್‌ಜಿ ಶಾಲೆ ನಡೆಯುತ್ತಿವೆ.

ಇತರ ಸಂಸ್ಥೆಗಳು

ಟಾಟಾ ಟ್ರಸ್ಟ್‌ಗಳ ಬೆಂಬಲದ ‘ಕಲಿಕೆ’ ಸಂಸ್ಥೆ ಯಾದಗಿರಿ ಜಿಲ್ಲೆಯನ್ನೇ ತನ್ನ ಕಾರ್ಯಕ್ಷೇತ್ರ ಮಾಡಿಕೊಂಡು ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ಚಟುವಟಿಕೆಗಳನ್ನು ಬೆಳೆಸಿದೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕವನ್ನು ಮಗುವಿನ ಕೈಗೆ ಕೊಡುವುದು ಸಣ್ಣ ಕೆಲಸವೆನಿಸಬಹುದು. ಪಠ್ಯದ ಹೊರತು ಮುದ್ರಿತ ಕಾಗದವೇ ಇಲ್ಲದ ಮನೆಯ ಮಗುವಿಗೆ ಅದು ಸಣ್ಣದಲ್ಲ. ಬೆಂಗಳೂರಿನ ಅಕ್ಷರ ಫೌಂಡೇಶನ್ ರೂಪಿಸಿದ ‘ಗಣಿತ ಕಲಿಕಾ ಆಂದೋಲನ’ 2015ರಲ್ಲಿ, ಆಗ ಹೈದರಾಬಾದ್ ಕರ್ನಾಟಕ ಎನಿಸಿದ್ದ ಈ ಭಾಗದ ಆರು ಜಿಲ್ಲೆಗಳ ಶಾಲೆಗಳಿಗೆ ಬಂತು. ಮಣಿ, ಅಳತೆಪಟ್ಟಿ, ಭಿನ್ನರಾಶಿಯ ತುಂಡುಗಳಿರುವ ಪೆಟ್ಟಿಗೆಯೇ ಅದರ ಸಾಧನ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಿಗೆ ಊರಿನವರೇ ಖರ್ಚು ಹೊಂದಿಸಿ ಮಕ್ಕಳಿಗೆ ಬಹುಮಾನ ಕೊಡುವ ರೂಢಿಯನ್ನೂ ಅದು ಬೆಳೆಸಿತು.

ಈ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಬಳಿಕ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿ ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂಬ ಹೆಸರಿನಲ್ಲಿ ಶಾಲಾ ಕೊಠಡಿ, ಶೌಚಾಲಯ, ಅತಿಥಿ ಶಿಕ್ಷಕರಿಗೆ ಹಣ ಒದಗಿಸುತ್ತಿದೆ. ಇದು ದಾನವಲ್ಲ, ಈ ಭಾಗದ ಹಕ್ಕಿನ ಪಾಲು. ದತ್ತಿ ಸಂಸ್ಥೆಗಳ ಕೆಲಸ ಊರಿ ನಿಲ್ಲಲು ಬೇಕಾದ ನೆಲೆಯನ್ನು ಇಂಥ ಸರ್ಕಾರಿ ಹಣವೇ ಒದಗಿಸುತ್ತದೆ.

ಊಟ ಮತ್ತು ಮೊಟ್ಟೆ

ರಾಜ್ಯದ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಆಗ ಕಲಬುರಗಿ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ರಾಜ್ಯದ ಉಳಿದ ಮಕ್ಕಳಿಗಿಂತ ಮುಂಚೆ ಶಾಲೆಯಲ್ಲಿ ಬಿಸಿ ಅನ್ನ ಉಂಡರು. ಅಪೌಷ್ಟಿಕತೆ, ರಕ್ತಹೀನತೆ ಮಾತ್ರ ಹೋಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಊಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಎಂಬ ಏರ್ಪಾಡಿನೊಂದಿಗೆ ಯೋಜನೆ ಮುಂದುವರಿಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಂಟನೆಯ ತರಗತಿಯ ಹುಡುಗಿಯರಲ್ಲಿ ವ್ಯತ್ಯಾಸ ಎದ್ದು ಕಂಡಿತು. ಆಮೇಲೆ ಮೊಟ್ಟೆ ಇಡೀ ರಾಜ್ಯದ ಮಕ್ಕಳ ತಟ್ಟೆಗೆ ಬಂತು.

2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದಾಯಿತು. ವಾರದಲ್ಲಿ ಎರಡು ದಿನದ ಮೊಟ್ಟೆ ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಪ್ರತಿಷ್ಠಾನದ್ದು. ಒಂದು ಮೊಟ್ಟೆಗೆ ಆಗ ನಿಗದಿಯಾದ 6 ರೂಪಾಯಿಯಲ್ಲಿ 30 ಪೈಸೆ ಸಿಪ್ಪೆ ಸುಲಿಯುವ ಕೂಲಿಯಾಗಿತ್ತು. ಬೆಳಿಗ್ಗೆ ಮೊಟ್ಟೆ ಎಣಿಸಿ, ಬೇಯಿಸಿ, ಬಿಸಿಯಾಗಿರುವಾಗಲೇ ಒಂದೊಂದಾಗಿ ಸುಲಿದು ಮಧ್ಯಾಹ್ನದ ಸಾಲಿಗೆ ಸಿದ್ಧಮಾಡುವ ಅಡುಗೆಯವರ ದುಡಿಮೆಯ ಮೇಲೆಯೇ ಈ ದೊಡ್ಡ ದಾನ ನಡೆಯುತ್ತಿದೆ.

ಯಾವ ನೆರವು ಮಗುವನ್ನು ಮುಟ್ಟುತ್ತದೆ?

ಈ ಪ್ರಶ್ನೆಯನ್ನು ಲೋಕದ ಬೇರೆ ಕಡೆಯೂ ಕೇಳಿ ನೋಡಿದ್ದಾರೆ. ಪಶ್ಚಿಮ ಕೀನ್ಯಾದ ಬುಸಿಯಾ ಎಂಬ ಗ್ರಾಮೀಣ ಸೀಮೆಯಲ್ಲಿ 1990ರ ದಶಕದಲ್ಲಿ ಡಚ್ ದತ್ತಿ ಸಂಸ್ಥೆಯೊಂದು ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟಿತು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಪುಸ್ತಕದಿಂದ ಮುಂದೆ ಬಂದವರು ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಷ್ಟೆ ಎಂದು ಕಂಡಿತು. ಪುಸ್ತಕ ಇಂಗ್ಲಿಷಿನಲ್ಲಿದ್ದು ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆಯಾಗಿತ್ತು. ಅದೇ ಸೀಮೆಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲು ಭಾಗದಷ್ಟು ತಗ್ಗಿತು. ಕ್ರೆಮರ್ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಭಾರತದ ಶಾಲೆಗಳಲ್ಲೂ 2015ರಿಂದ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ.

ಯಾದಗಿರಿಯ ಅನುಭವವೂ ಇದಕ್ಕೆ ಹತ್ತಿರ. ಬ್ಯಾಗು, ನೋಟುಪುಸ್ತಕ ಹಂಚುವ ಸಮಾರಂಭಕ್ಕೆ ಒಂದು ದಿನ ಸಾಕು. ಆ ಮಗು ಡಿಸೆಂಬರಿನಲ್ಲಿ ಹತ್ತಿ ಹೊಲದಲ್ಲಿದ್ದರೆ ನೋಟುಪುಸ್ತಕ ಖಾಲಿಯೇ ಉಳಿಯುತ್ತದೆ. ತಂದೆತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿಯಲು ಋತುಮಾನ ವಸತಿ ವ್ಯವಸ್ಥೆ, ಶಾಲೆ ಬಿಟ್ಟ ಹುಡುಗಿಯರಿಗೆ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಇಂಥ ಕಡೆ ಹೆಚ್ಚು ಪ್ರಯೋಜನಕ್ಕೆ ಬಂದಿವೆ.

ಇಂದಿನ ಸ್ಥಿತಿ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನ ಪಡೆದರೆ, ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ನೆರವಿನ ಬಹುಪಾಲು ಪ್ರಾಥಮಿಕ ಹಂತಕ್ಕೆ ಹರಿದಿದೆ. ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಹುದ್ದೆಗಳು ಖಾಲಿ ಬೀಳುವುದು ಈ ಭಾಗದ ಹಳೆಯ ದೂರು. ವರ್ಷದಿಂದ ವರ್ಷಕ್ಕೆ ಬದಲಾಗುವ ಅತಿಥಿ ಶಿಕ್ಷಕರು ಕಾಯಂ ಶಿಕ್ಷಕರ ಜಾಗ ತುಂಬಲಾರರು, ಯಾವ ದತ್ತಿ ಸಂಸ್ಥೆಯೂ ಆ ಹೊಣೆ ಹೊರಲಾರದು. ಅದು ಸರ್ಕಾರವೇ ಮಾಡಬೇಕಾದ ಕೆಲಸ.

ಹೆಣ್ಣುಮಕ್ಕಳ ಮುಂದಿನ ಓದಿಗೆ 2025ರಲ್ಲಿ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ‘ದೀಪಿಕಾ’ ವಿದ್ಯಾರ್ಥಿವೇತನವನ್ನು ಆರಂಭಿಸಿವೆ. ಸರ್ಕಾರಿ ಸಂಸ್ಥೆಗಳಲ್ಲಿ ಹತ್ತನೆಯ ತರಗತಿ ಮತ್ತು ಪಿಯುಸಿ ಮುಗಿಸಿ ಪದವಿ ಅಥವಾ ಡಿಪ್ಲೊಮಾ ಸೇರಿದ ವಿದ್ಯಾರ್ಥಿನಿಯರಿಗೆ ಕೋರ್ಸ್ ಮುಗಿಯುವತನಕ ವರ್ಷಕ್ಕೆ 30,000 ರೂಪಾಯಿ ಅವರ ಖಾತೆಗೇ ಜಮೆಯಾಗುತ್ತದೆ. ಜಿಲ್ಲೆಯ ಕೆಂಭಾವಿ, ಕೊಡೇಕಲ್ ಕಡೆಯ ಹುಡುಗಿ ಈ ಹಣದಲ್ಲಿ ಹಾಸ್ಟೆಲ್ ಖರ್ಚು, ಪುಸ್ತಕ ಹೊಂದಿಸಿಕೊಳ್ಳಬಹುದು. ಮದುವೆ ಮಾಡಿಬಿಡೋಣ ಎನ್ನುವ ಮನೆಯವರೆದುರು ಓದುತ್ತೇನೆ ಎನ್ನಲು ಬಲವೂ ಸಿಗಬಹುದು. ಈ ವೇತನಕ್ಕೆ ಅರ್ಜಿ ಹಾಕಲು ಆಕೆ ಮೊದಲು ಎಸ್ಸೆಸ್ಸೆಲ್ಸಿ ದಾಟಿರಬೇಕು. ಹಾಗಾಗಿ ಎಂಟರಿಂದ ಹತ್ತನೆಯ ತರಗತಿವರೆಗಿನ ಮೂರು ವರ್ಷಗಳಿಗೆ ವಿಷಯ ಶಿಕ್ಷಕರು, ಹಾಸ್ಟೆಲ್ ಮತ್ತು ಸುಗ್ಗಿ ಕಾಲದ ಹಾಜರಿಯ ನಿಗಾ ಒದಗಿಸುವುದು ಯಾದಗಿರಿ ಸೀಮೆಯಲ್ಲಿ ಈಗ ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದ ನೆರವು.